ಕೌಬರ್ಗ್ ಏರು ಮತ್ತು 1948ರ ಗೆಲುವು

1948ರ ಆಗಸ್ಟ್‌ನಲ್ಲಿ ನೆದರ್‌ಲೆಂಡ್ಸ್‌ನ ವಾಲ್ಕೆನ್‌ಬರ್ಗ್‌ನಲ್ಲಿ ವಿಶ್ವ ರೋಡ್ ಸೈಕ್ಲಿಂಗ್ ಚಾಂಪಿಯನ್‌ಶಿಪ್ ನಡೆಯಿತು. ಅದರ ಬಗ್ಗೆ ಸೈಕಲ್ ಹುಚ್ಚಿನವರನ್ನು ಕೇಳಿದರೆ ಸೋತವರ ಕಥೆಯನ್ನೇ ಹೇಳುತ್ತಾರೆ. ಇಟಲಿ ತಂಡದಲ್ಲಿ ಆ ಕಾಲದ ದೊಡ್ಡ ಹೆಸರುಗಳಾದ ಜಿನೋ ಬಾರ್ತಾಲಿ, ಫಾಸ್ತೋ ಕೊಪ್ಪಿ ಇಬ್ಬರೂ ಇದ್ದರು. ಬಾರ್ತಾಲಿ ಆ ಬೇಸಿಗೆಯಲ್ಲಷ್ಟೇ ಟೂರ್ ಡಿ ಫ್ರಾನ್ಸ್ ಗೆದ್ದಿದ್ದ. ವರ್ಷವಿಡೀ ಬೇರೆ ಬೇರೆ ಕಂಪನಿ ತಂಡಗಳಲ್ಲಿ ಎದುರಾಳಿಗಳು, ಆ ದಿನ ಮಾತ್ರ ಒಂದೇ ದೇಶದ ಜೆರ್ಸಿ. ಒಬ್ಬ ಮುಂದೆ ಹೋಗಲಿ ಅಂತ ಇನ್ನೊಬ್ಬ ಕಾಯುತ್ತಾ ಇಬ್ಬರೂ ಹಿಂದೆ ಬಿದ್ದರು. ಕೊನೆಗೆ ಓಟ ಬಿಟ್ಟೇ ಹೊರನಡೆದರು. ಇಟಲಿಯ ಸೈಕ್ಲಿಂಗ್ ಒಕ್ಕೂಟ ಇಬ್ಬರನ್ನೂ ಅಮಾನತು ಮಾಡಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭ, ಬೆಲ್ಜಿಯಂನ ಬ್ರೀಕ್ ಸ್ಖೋಟೆ ಗೆದ್ದ ಅಂತ ಕಥೆ ಮುಗಿಸಿಬಿಡುತ್ತಾರೆ.

ಈ ಲಾಭದ ಮಾತು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಕಾರಣ ಆ ಊರಿನ ಕೌಬರ್ಗ್ ಏರು. ಆ ಓಟದಲ್ಲಿ ಸುತ್ತು ಸುತ್ತಿಗೂ ಅದನ್ನು ಹತ್ತಬೇಕಿತ್ತು.

ನಾನು ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದೇನೆ. ಶನಿವಾರ ಸೈಕಲ್ಲನ್ನು ರೈಲಿಗೆ ಹತ್ತಿಸಿಕೊಂಡರೆ ಬೆಳಗ್ಗೆಯೇ ವಾಲ್ಕೆನ್‌ಬರ್ಗ್ ತಲುಪಬಹುದು. ಕಾರ್ಬನ್ ಸೈಕಲ್ಲಿನಲ್ಲಿ ಹತ್ತಿದರೆ ಹಳೇ ಓಟದ ರುಚಿ ಸಿಗುವುದಿಲ್ಲ ಅಂತ ಸಹೋದ್ಯೋಗಿಯ ಅಪ್ಪನ ಸ್ಟೀಲ್ ಸೈಕಲ್ಲನ್ನು ಕೇಳಿ ತಂದೆ. ಪೆಡಲ್‌ಗೆ ಚರ್ಮದ ಪಟ್ಟಿ, ಗೇರ್ ಲಿವರ್ ಕೆಳಗೆ ಫ್ರೇಮ್ ಮೇಲೆ. ಚೈನ್ ಓಡುವ ಹಲ್ಲುಚಕ್ರಕ್ಕೆ ಮುಂದೆ 42 ಹಲ್ಲು, ಹಿಂದೆ ದೊಡ್ಡದೆಂದರೆ 24; ಇಂದಿನಷ್ಟು ಹಗುರ ಗೇರ್ ಇಲ್ಲ.

ನಂದಿ ಬೆಟ್ಟ ಹತ್ತಿ ಅಭ್ಯಾಸ ಇದ್ದವರಿಗೆ ಕೌಬರ್ಗ್ ಅಂದರೆ ನಗು ಬರಬಹುದು. ಉದ್ದ ಒಂದು ಕಿಲೋಮೀಟರ್ ಚಿಲ್ಲರೆ, ಅಷ್ಟೇ. ಆದರೆ ಕಡಿದಾದ ಕಡೆ 12% ಇದೆ, ಅಂದರೆ ನೂರು ಮೀಟರಿಗೆ ಹನ್ನೆರಡು ಮೀಟರ್ ಏರಿಕೆ. ಗ್ರೆಂಡೆಲ್‌ಪ್ಲೇನ್ ಚೌಕ ದಾಟುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ಏರಿನಲ್ಲಿ ಭಾರ ಬಿದ್ದ ಮೇಲೆ ಚೈನ್ ಕರಕರ ಅನ್ನುತ್ತದೆಯೇ ಹೊರತು ಜರುಗುವುದಿಲ್ಲ. ನಾನು ಸೀಟ್ ಬಿಟ್ಟು ಏಳುವುದಿಲ್ಲ. ಹ್ಯಾಂಡಲ್ಲಿನ ಮೇಲ್ಭಾಗ ಹಿಡಿದು ಉಸಿರು ಲೆಕ್ಕ ಹಾಕಿಕೊಂಡು ತುಳಿಯುತ್ತೇನೆ. ಮೇಲೆ ಫಿಲ್ಟ್ ಹಳ್ಳಿ, ಅಲ್ಲಿಂದ ಸಿಬ್ಬೆ ಕಡೆ ತಿರುಗಿ, ಡಾಲ್‌ಹೆಮರ್‌ವೆಗ್ ಇಳಿದು ಮತ್ತೆ ಊರಿಗೆ. ಮತ್ತೆ ಅದೇ ಏರು.

ಮೊದಲ ಸುತ್ತು ಖುಷಿ. ಆಮೇಲಾಮೇಲೆ ತೊಡೆ ಮಾತಾಡಲು ಶುರು ಮಾಡುತ್ತದೆ. ಸಮತಟ್ಟಿನಲ್ಲಾದರೆ ಮುಂದಿನವನ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಅಡಗಬಹುದು. ನನ್ನಂಥವರ ವೇಗಕ್ಕೆ ಈ ಏರಿನಲ್ಲಿ ಆ ಲಾಭ ಏನೇನೂ ಇಲ್ಲ. ಅವರವರ ಕಾಲು ಅವರವರಿಗೆ.

ಆಗಿನವರ ಪಾಡು ಇನ್ನೂ ಕಷ್ಟ. ಇಟಲಿಯ ಕಂಪಗ್ನೋಲೊ ಕಂಪನಿಯ ಆ ಕಾಲದ ಕಾಂಬಿಯೊ ಕೊರ್ಸಾ ಗೇರ್‌ನಲ್ಲಿ ಲಿವರ್‌ಗಳು ಹಿಂದಿನ ಚಕ್ರದ ಪಕ್ಕ ಇದ್ದವು. ಓಡುತ್ತಲೇ ಕೈ ಹಿಂದಕ್ಕೆ ಚಾಚಿ ಚಕ್ರ ಸಡಿಲಿಸಬೇಕು, ಪೆಡಲ್ ಹಿಮ್ಮುಖ ತುಳಿದು ಚೈನ್ ಬದಲಿಸಬೇಕು, ಮತ್ತೆ ಚಕ್ರ ಬಿಗಿ ಮಾಡಬೇಕು. ಹೀಗೆ ಸುಮಾರು 266 ಕಿಲೋಮೀಟರ್, ಏಳೂವರೆ ಗಂಟೆ! ಸುಮ್ನೆ ಅದೃಷ್ಟದಿಂದ ಗೆಲ್ಲುವ ಓಟವಾ ಇದು?

ಸ್ಖೋಟೆ ಅದೇ ವರ್ಷ ಬೆಲ್ಜಿಯಂನ ದೊಡ್ಡ ಓಟ ಟೂರ್ ಆಫ್ ಫ್ಲಾಂಡರ್ಸ್ ಗೆದ್ದಿದ್ದ, ಟೂರ್ ಡಿ ಫ್ರಾನ್ಸ್‌ನಲ್ಲಿ ಬಾರ್ತಾಲಿಯ ಹಿಂದೆ ಎರಡನೆಯವನಾಗಿದ್ದ. ವಾಲ್ಕೆನ್‌ಬರ್ಗ್‌ನಲ್ಲಿ ಅವನ ಹಿಂದೆ ಬಂದದ್ದು ಫ್ರಾನ್ಸಿನ ಅಪೊ ಲಜಾರಿಡೆಸ್, ಏರು ಹತ್ತುವುದರಲ್ಲಿ ಪಳಗಿದವನು. 1950ರಲ್ಲಿ ಮೂರ್‌ಸ್ಲೇಡೆಯಲ್ಲಿ ಸ್ಖೋಟೆ ಮತ್ತೆ ವಿಶ್ವ ಚಾಂಪಿಯನ್ ಆದ. ಕೊಪ್ಪಿ 1953ರಲ್ಲಿ ಲುಗಾನೋದಲ್ಲಿ ಗೆದ್ದ, ಅದೂ ಆರು ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ. ಬಾರ್ತಾಲಿಗೆ ವಿಶ್ವ ಚಾಂಪಿಯನ್ ತೊಡುವ ಕಾಮನಬಿಲ್ಲಿನ ಪಟ್ಟಿಯ ಜೆರ್ಸಿ ಕೊನೆಗೂ ಸಿಗಲಿಲ್ಲ.

ನೀವೂ ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ. ಮಧ್ಯಾಹ್ನದ ಹೊತ್ತಿಗೆ ಪ್ರವಾಸಿಗರ ಕಾರು, ಬೈಕು ಜಾಸ್ತಿ. ಹಳೇ ಸೈಕಲ್ಲಾದರೆ ಏರುವ ಮೊದಲು ಬ್ರೇಕ್ ರಬ್ಬರ್ ನೋಡಿಕೊಳ್ಳಿ, ಇಳಿಜಾರು ಏರಿಗಿಂತ ಕಡಿಮೆಯದೇನಲ್ಲ.