ಗಾಡಿಯ ನಿಜವಾದ ಮೈಲೇಜ್ ಅಳೆಯುವುದು ಹೀಗೆ

ಏಳು ಸೀಟಿನ ಗಾಡಿ ಇರುವವರು ಡಿಸ್‌ಪ್ಲೇ ತೋರಿಸುವ ಮೈಲೇಜನ್ನೇ ನಂಬಬೇಡಿ. ಬಂಕ್‌ನಲ್ಲಿ ಪಂಪ್ ತಾನಾಗಿ ಕಟ್ ಆಗುವವರೆಗೆ ಡೀಸೆಲ್ ಹಾಕಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲವೂ ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್. ಕಟ್ ಆದಮೇಲೆ ರೌಂಡ್ ಫಿಗರ್‌ಗೆ ಅಂತ ಮತ್ತೆ ಹಾಕಿಸಬೇಡಿ, ಲೆಕ್ಕ ತಪ್ಪುತ್ತದೆ. ಓಡಿದ ಕಿಲೋಮೀಟರನ್ನು ಬಿಲ್‌ನಲ್ಲಿರುವ ಲೀಟರ್‌ನಿಂದ ಭಾಗಿಸಿ, ಅಷ್ಟೇ.

ಹೋದ ತಿಂಗಳು ಬೆಂಗಳೂರಿನಿಂದ ಶಿರಾಡಿ ಘಾಟ್ ಮೇಲೆ ಮಂಗಳೂರಿಗೆ ಹೋಗಿ ಬಂದೆವು. ಆರು ಜನ, ಮೇಲೆ ಲಗೇಜು, ಎಸಿ ಪೂರ್ತಿ ಆನ್. 728 ಕಿ.ಮೀ.ಗೆ 52 ಲೀಟರ್, ಅಂದರೆ ಲೀಟರ್‌ಗೆ 14. ಡಿಸ್‌ಪ್ಲೇಯಲ್ಲಿ 15.3 ಇತ್ತು! ಊರೊಳಗೆ, ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್‌ನಲ್ಲಿ, ಅದೇ ಗಾಡಿ 10 ಕೊಟ್ಟರೆ ಹೆಚ್ಚು. ಕಂಪನಿಯವರು ಹೇಳುವ ಎಆರ್‌ಎಐ (ವಾಹನ ಪರೀಕ್ಷಿಸುವ ಸಂಸ್ಥೆ) ಮೈಲೇಜ್ ಅಂಕಿ ಲ್ಯಾಬ್‌ನಲ್ಲಿ ರೋಲರ್ ಮೇಲೆ ಓಡಿಸಿ ತೆಗೆದದ್ದು. ಸಕಲೇಶಪುರದ ಏರು ಅಲ್ಲಿರಲ್ಲ ಅಲ್ವಾ?

ಟೈರ್ ಗಾಳಿಯನ್ನು ಬೆಳಿಗ್ಗೆ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಿ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ಓದಿ. ತುಂಬು ಲೋಡಿಗೆ ಬೇರೆ ಪ್ರೆಶರ್ ಬರೆದಿದ್ದರೆ ಅಷ್ಟೇ ಹಾಕಿಸಿ. ಖಾಲಿ ಕ್ಯಾರಿಯರ್ ಸುಮ್ನೆ ಹೊತ್ತು ತಿರುಗಬೇಡಿ, ಗಾಳಿಗೆ ಅಡ್ಡ ನಿಂತು ಡೀಸೆಲ್ ಕುಡಿಯುತ್ತದೆ. ಹೈವೇಯಲ್ಲಿ 80–90ರಲ್ಲೇ ಹೋಗಿ ನೋಡಿ, ವ್ಯತ್ಯಾಸ ಬಿಲ್‌ನಲ್ಲೇ ಕಾಣುತ್ತದೆ.