ರಟ್ಟಿನ ಚಕ್ಕಡಿಗೆ ಗಟ್ಟಿ ಗಾಲಿ

ಮಣ್ಣೆತ್ತಿನ ಅಮಾವಾಸ್ಯೆಗೆ ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಿಗೆ ಜೋಡಿ ಎತ್ತುಗಳು ಬಂದ ಕೂಡಲೇ ಮಕ್ಕಳು ಅವಕ್ಕೊಂದು ಚಕ್ಕಡಿ (ಎತ್ತಿನ ಗಾಡಿ) ಬೇಕೆಂದು ಹಟ ಹಿಡಿಯುತ್ತಾರೆ. ಹಿರಿಯರು ಕಿರಾಣಿ ಅಂಗಡಿಯ ರಟ್ಟಿನ ಡಬ್ಬಿ ತಂದು ಅವಸರದಲ್ಲಿ ಕತ್ತರಿಸಿ ಕೊಡುತ್ತಾರೆ, ಸಂಜೆಯೊಳಗೆ ಗಾಲಿ ಸೊಟ್ಟಾಗಿ ಚಕ್ಕಡಿ ಮೂಲೆ ಸೇರುತ್ತದೆ. ಕೆಡುವುದು ಹೆಚ್ಚಾಗಿ ಗಾಲಿಯಾದ್ದರಿಂದ ಇಲ್ಲಿಯೂ ಗಾಲಿಯ ಮಾತೇ ಹೆಚ್ಚು.

ಬಿಸ್ಕೀಟು ಅಥವಾ ಸಾಬೂನು ತುಂಬಿ ಬಂದ ಒಣ ಡಬ್ಬಿಯನ್ನೇ ಆರಿಸಿಕೊಳ್ಳಬೇಕು. ಎಣ್ಣೆಯ ಜಿಡ್ಡು ತಗುಲಿದ ರಟ್ಟಿಗೆ ಅಂಟು ಹಿಡಿಯುವುದಿಲ್ಲ. ಚಕ್ಕಡಿಯ ಮೈಗೆ ಒಂದು ಸಣ್ಣ ಡಬ್ಬಿಯ ಮೇಲ್ಭಾಗ ಕತ್ತರಿಸಿದರೆ ಸಾಕು.

ಇನ್ನು ಗಾಲಿ. ರಟ್ಟಿನ ಎರಡು ಹಾಳೆಗಳ ನಡುವೆ ಅಲೆಅಲೆಯಾದ ಕಾಗದವಿರುತ್ತದೆ. ಆ ಅಲೆಗಳು ಓಡುವ ದಿಕ್ಕಿನಲ್ಲಿ ರಟ್ಟು ಸುಲಭವಾಗಿ ಮಡಚಿಕೊಳ್ಳುತ್ತದೆ, ಅದಕ್ಕೆ ಅಡ್ಡವಾಗಿ ಮಡಚುವುದಿಲ್ಲ. ಆದ್ದರಿಂದ ಒಂದೇ ಪದರದ ಗಾಲಿ ಎಂದಿಗೂ ನಿಲ್ಲದು. ಪ್ರತಿ ಗಾಲಿಗೆ 12 ಸೆಂಟಿಮೀಟರ್ ಅಗಲದ ನಾಲ್ಕು ಬಿಲ್ಲೆ ಕತ್ತರಿಸಿ, ಒಂದರ ಅಲೆ ಉದ್ದಕ್ಕಿದ್ದರೆ ಅದರ ಮೇಲಿನದು ಅಡ್ಡಕ್ಕೆ ಬರುವಂತೆ ಅಂಟಿಸಬೇಕು. ಬಟ್ಟಲು ಬೋರಲಿಟ್ಟು ಗೆರೆ ಎಳೆದರೆ ನಡುಬಿಂದು ಸಿಗದೆ ಗಾಲಿ ಕುಂಟುತ್ತದೆ. ಅದರ ಬದಲು 6 ಸೆಂಟಿಮೀಟರ್ ಅಂತರದಲ್ಲಿ ಎರಡು ತೂತು ಮಾಡಿದ ರಟ್ಟಿನ ಪಟ್ಟಿಯನ್ನೇ ಕೈವಾರವಾಗಿಸಿ, ಒಂದರಲ್ಲಿ ದಬ್ಬಣ ಊರಿ ಇನ್ನೊಂದರಲ್ಲಿ ಪೆನ್ಸಿಲ್ ತಿರುಗಿಸಬೇಕು. ಅಂಟಿಸುವಾಗಲೂ ನಾಲ್ಕೂ ಬಿಲ್ಲೆಗಳ ನಡುವೆ ಅದೇ ದಬ್ಬಣ ನೆಟ್ಟಗೆ ತೂರಿರಲಿ. ಅಂಟು ಹಿಡಿದ ಮೇಲೆ ದಬ್ಬಣ ತೆಗೆದು, ರಾತ್ರಿಯಿಡೀ ಭಾರವಾದ ಪುಸ್ತಕಗಳ ಕೆಳಗೆ ಇಡಬೇಕು. ಬಿಸಿಲಿನಲ್ಲಿ ಒಣಗಿಸಿದರೆ ರಟ್ಟು ಸೊಟ್ಟಾಗುತ್ತದೆ. ಅಂಚಿಗೆ ವೃತ್ತಪತ್ರಿಕೆಯ ಪಟ್ಟಿಗಳನ್ನು ಎರಡು ಮೂರು ಸುತ್ತು ಅಂಟಿಸಿದರೆ ಅಲೆಗಳ ಬಾಯಿ ಮುಚ್ಚಿ ಗಾಲಿ ಸಲೀಸಾಗಿ ಉರುಳುತ್ತದೆ.

ಮೈದಾ ಕುದಿಸಿ ಮಾಡಿದ ಅಂಟೇ ನನ್ನ ಆಯ್ಕೆ. ಹುಳು ಹಿಡಿಯದಿರಲೆಂದು ಕೆಲವರು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳು ಬಾಯಿಗೆ ಹಾಕುವ ಆಟಿಕೆಗೆ ಖಂಡಿತ ಬೇಡ. ಸೆಲೋಟೇಪು ಮಳೆಗಾಲದ ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಸ್ಟೇಪ್ಲರ್ ಪಿನ್ನು ಬೆರಳಿಗೆ ಚುಚ್ಚುತ್ತದೆ. ಬಾಟಲಿಯ ಮುಚ್ಚಳವನ್ನು ಗಾಲಿ ಮಾಡುವ ಸುಲಭದಾರಿಯೂ ನೆಚ್ಚಿಕೊಳ್ಳುವಂಥದ್ದಲ್ಲ, ಅದು ನೆಲದ ಫರ್ಸಿ ಕಲ್ಲುಗಳ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ನಿಜವಾದ ಚಕ್ಕಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ತಿರುಗುತ್ತದೆ. ರಟ್ಟಿನ ಚಕ್ಕಡಿಯಲ್ಲಿ ಹಾಗೆ ಮಾಡಿದರೆ ಗಾಲಿಯ ತೂತು ಸವೆದು ಅಗಲವಾಗುವುದರಿಂದ, ಇಲ್ಲಿ ಗಾಲಿ ಮತ್ತು ಅಚ್ಚು ಒಟ್ಟಾಗಿಯೇ ತಿರುಗಬೇಕು. ರೀಫಿಲ್ ತೆಗೆದ ಪೆನ್ನಿನ ಕೊಳವೆಯ ಎರಡೂ ತುದಿ ಕತ್ತರಿಸಿ, ಚಕ್ಕಡಿಯ ತಳಕ್ಕೆ ಅಡ್ಡಲಾಗಿ ದಾರದಿಂದ ಬಿಗಿದು ಕಟ್ಟಿ, ಅದರೊಳಗೆ ಸಡಿಲವಾಗಿ ತಿರುಗುವ ಬಿದಿರಿನ ಕಡ್ಡಿ ತೂರಿಸಬೇಕು. ಕಡ್ಡಿಯ ತುದಿ ಚೂಪು ಮಾಡಿ ದಬ್ಬಣದ ತೂತಿನೊಳಗೆ ಒತ್ತಿ ಅಂಟು ಹಾಕಿದರೆ ಗಾಲಿ ಬಿಗಿಯಾಗಿ ಕೂರುತ್ತದೆ. ಗಾಲಿ ಮೈಗೆ ಉಜ್ಜದಂತೆ ನಡುವೆ ಸ್ವಲ್ಪ ಜಾಗ ಬಿಡಬೇಕು.

ಚಕ್ಕಡಿಯಿಂದ ನೊಗದವರೆಗೆ ಚಾಚುವ ಮೂಕಿಗೂ ನೊಗಕ್ಕೂ ಕಡ್ಡಿಗಳೇ ಸಾಕು. ಆದರೆ ಮಣ್ಣೆತ್ತುಗಳನ್ನು ನೆಲದ ಮೇಲೆ ಎಳೆದರೆ ಕಾಲು ಮುರಿಯುತ್ತವೆ. ಅವುಗಳನ್ನು ಇದೇ ರೀತಿ ಮಾಡಿದ ಎರಡು ಜೊತೆ ಸಣ್ಣ ಗಾಲಿಗಳ ರಟ್ಟಿನ ಹಲಗೆಯ ಮೇಲೆ ನಿಲ್ಲಿಸಿ, ಎಳೆಯುವ ದಾರವನ್ನು ಎತ್ತಿನ ಕೊರಳಿಗಲ್ಲದೆ ಆ ಹಲಗೆಗೇ ಕಟ್ಟಬೇಕು.