ಟ್ರಂಕಿನ ಬಟ್ಟೆಗೆ ವಯಸ್ಸೆಷ್ಟು: ಲೇಬಲ್ ಓದುವ ಕ್ರಮ

ಕೋಲಾರದ ನಮ್ಮ ಹಳೆಯ ಮನೆಯ ಟ್ರಂಕಿನಲ್ಲಿ ತಾತನವರ ಬೂದು ಬಣ್ಣದ ಕೋಟೊಂದು ಇತ್ತು. ಅದು ಅವರ ಮದುವೆಯ ಕೋಟೆಂದು ಮನೆಯವರೆಲ್ಲ ನಂಬಿದ್ದರು. ಮದುವೆ ನಡೆದದ್ದು 1951ರಲ್ಲಿ. ಒಳಜೇಬಿನ ಮೇಲೆ ದರ್ಜಿಯ ಹೆಸರಿನ ಕೆಳಗೆ ‘ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್., ಮೈಸೂರು ರಾಜ್ಯ’ ಎಂದು ಕಪ್ಪು ಪಟ್ಟಿಯಲ್ಲಿ ಹಳದಿ ದಾರದಿಂದ ನೇಯ್ದಿತ್ತು. ಜೇಬಿನೊಳಗೆ ಬಟ್ಟೆ ಅಂಗಡಿಯ ಬೆಲೆಚೀಟಿಯ ತುಂಡೂ ಉಳಿದಿತ್ತು. ಅದರಲ್ಲಿ ಮೀಟರಿಗೆ ಇಷ್ಟು ರೂಪಾಯಿ, ಇಷ್ಟು ನಯಾ ಪೈಸೆ ಎಂದು ಬರೆದದ್ದನ್ನು ಭೂತಗನ್ನಡಿಯಲ್ಲಿ ಓದಿದ ಮೇಲೆ ಮದುವೆಯ ಕಥೆ ಉಳಿಯಲಿಲ್ಲ.

ಆ ಚೀಟಿಯನ್ನು ಓದುವ ಬಗೆ ಹೀಗೆ. ದಶಮಾಂಶ ನಾಣ್ಯಗಳು ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಹಿಂದಿನ ಬೆಲೆಗಳು ಆಣೆ, ಕಾಸುಗಳಲ್ಲಿ ಇರುತ್ತಿದ್ದವು. 1964ರ ಜೂನ್ 1ರಿಂದ ‘ನಯಾ’ ಎಂಬ ಪದವನ್ನು ಕೈಬಿಟ್ಟು ಬರೀ ‘ಪೈಸೆ’ ಎನ್ನಲಾಯಿತು. ಗಜದ ಬದಲಿಗೆ ಮೀಟರ್ ಬಂದದ್ದು 1956ರ ತೂಕ ಮತ್ತು ಅಳತೆಗಳ ಕಾಯ್ದೆಯಿಂದ. ಮೆಟ್ರಿಕ್ ಪದ್ಧತಿಯು 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಳಕೆಗೆ ಬಂತು. ಆದ್ದರಿಂದ ಮೀಟರ್ ಮತ್ತು ನಯಾ ಪೈಸೆಗಳೆರಡೂ ಇರುವ ಚೀಟಿಯು ಹೆಚ್ಚುಕಡಿಮೆ 1958 ಮತ್ತು 1964ರ ನಡುವಿನದು. ಅಜ್ಜಿಯವರು ಇದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಲೇಬಲ್ ಓದುವವರು ಮೊದಲು ಮನಗಾಣಬೇಕಾದ ಸಂಗತಿಯೊಂದಿದೆ. ಲೇಬಲ್ಲಿನಲ್ಲಿ ಇರುವ ಗುರುತು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಗಟ್ಟಿಯಾಗಿ ಹೇಳುತ್ತದೆ. ಇಲ್ಲದಿರುವ ಗುರುತು ಏನನ್ನೂ ಗಟ್ಟಿಯಾಗಿ ಹೇಳುವುದಿಲ್ಲ. ಪಿನ್‌ಕೋಡ್ ಇದಕ್ಕೆ ಒಳ್ಳೆಯ ಉದಾಹರಣೆ. ಆರಂಕಿಯ ಈ ಪದ್ಧತಿ ಆರಂಭವಾದದ್ದು 1972ರ ಆಗಸ್ಟ್ 15ರಂದು. ಲೇಬಲ್ಲಿನಲ್ಲಿ 572101 ಎಂದು ತುಮಕೂರಿನ ಸಂಖ್ಯೆಯೋ 563101 ಎಂದು ಕೋಲಾರದ ಸಂಖ್ಯೆಯೋ ಇದ್ದರೆ ಆ ಲೇಬಲ್ 1972ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ‘ಬೆಂಗಳೂರು-2’ ಎಂದು ಹಳೆಯ ಅಂಚೆ ವಲಯದ ಸಂಖ್ಯೆಯಷ್ಟೇ ಇರುವ ಲೇಬಲ್ಲನ್ನು ಕಂಡು ಅದು 1972ಕ್ಕೆ ಹಿಂದಿನದೆಂದು ತೀರ್ಮಾನಿಸಬಾರದು, ಏಕೆಂದರೆ ಜನ ಇಂದಿಗೂ ಹಾಗೆ ಬರೆಯುವುದುಂಟು. ಇದಲ್ಲದೆ ದರ್ಜಿಗಳು ಲೇಬಲ್‌ಗಳನ್ನು ಸಾವಿರಗಟ್ಟಲೆ ನೇಯಿಸಿಕೊಂಡು, ಮುಗಿಯುವವರೆಗೂ ಅವನ್ನೇ ಹೊಲಿಯುತ್ತಿದ್ದರೆಂಬುದನ್ನೂ ನೆನಪಿಡಬೇಕು.

ಊರು ಮತ್ತು ರಾಜ್ಯದ ಹೆಸರುಗಳನ್ನು ಇದೇ ಎಚ್ಚರದಿಂದ ಓದಬೇಕು. ‘ಮೈಸೂರು ಸಂಸ್ಥಾನ’ ಎಂದಿದ್ದರೆ ಅದು ಅರಸರ ಆಳ್ವಿಕೆಯ ಕಾಲವನ್ನು ಸೂಚಿಸುತ್ತದೆ. ‘ಕರ್ನಾಟಕ’ ಎಂದು ರಾಜ್ಯದ ಹೆಸರಾಗಿ ಇದ್ದರೆ 1973ರ ನವೆಂಬರ್ 1ರ ನಂತರದ್ದೆಂದು ತಿಳಿಯಬಹುದು. ಶಿಡ್ಲಘಟ್ಟದ ರೇಷ್ಮೆ ಅಂಗಡಿಯ ಡಬ್ಬಿಯ ಮೇಲೆ ‘ಕೋಲಾರ ಜಿಲ್ಲೆ’ ಎಂದಿದ್ದರೆ ಅದು ಬಹುಮಟ್ಟಿಗೆ 2007ಕ್ಕಿಂತ ಹಿಂದಿನದು; ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು ಆ ವರ್ಷ. ತುಮಕೂರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 2014ರ ನವೆಂಬರ್ 1ರಂದು ಬದಲಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿನ ‘Tumkur’ ಎಂಬ ಬರಹ ಮಾತ್ರ. ಕನ್ನಡದಲ್ಲಿ ಅದು ಮೊದಲಿನಿಂದಲೂ ತುಮಕೂರೇ ಆಗಿದ್ದುದರಿಂದ ಕನ್ನಡ ಲೇಬಲ್‌ನಿಂದ ಈ ಬದಲಾವಣೆ ತಿಳಿಯುವುದಿಲ್ಲ. ಹೊರಗಿನ ಗಿರಣಿಗಳ ಬಟ್ಟೆಯಲ್ಲಿ ‘ಮುಂಬೈ’ ಎಂಬ ಇಂಗ್ಲಿಷ್ ಬರಹವಿದ್ದರೆ 1995ರ, ‘ಚೆನ್ನೈ’ ಇದ್ದರೆ 1996ರ ನಂತರದ್ದೆಂದು ಎಣಿಸುವುದು ವಾಡಿಕೆ.

ಗಿರಣಿಯ ಮುದ್ರೆ ಸಾಮಾನ್ಯವಾಗಿ ಥಾನಿನ, ಎಂದರೆ ಕತ್ತರಿಸದ ಇಡೀ ಬಟ್ಟೆಯ, ತುದಿಯಲ್ಲೋ ಅಂಚಿನಲ್ಲೋ ಇರುತ್ತದೆ. ಹೊಲಿದ ಉಡುಪಿನಲ್ಲಿ ಅದನ್ನು ಕಾಣಬೇಕಾದರೆ ಕೋಟಿನ ಒಳಪದರದ ಹಿಂದೆ, ಪ್ಯಾಂಟಿನ ಸೊಂಟಪಟ್ಟಿಯ ಒಳಗೆ, ಜೇಬಿನ ಬಾಯಿಯ ಮಡಿಕೆಯಲ್ಲಿ ಹುಡುಕಬೇಕು. ಮಿತವ್ಯಯಿಯಾದ ದರ್ಜಿ ಅಂಚನ್ನು ಕತ್ತರಿಸಿ ಎಸೆಯದೆ ಅಲ್ಲೆಲ್ಲ ಬಳಸಿಕೊಂಡಿರುತ್ತಾನೆ. ‘ಟೆರಿಲಿನ್’ ಎಂಬ ಬರಹ ಅಲ್ಲಿ ಸಿಕ್ಕರೆ ಬಟ್ಟೆಯನ್ನು ಸ್ವಾತಂತ್ರ್ಯಕ್ಕೆ ಮುಂಚಿನದೆನ್ನುವ ಮಾತನ್ನು ಬಿಡಬೇಕು, ಏಕೆಂದರೆ ಆ ಕೃತಕ ನೂಲನ್ನು ಬ್ರಿಟನ್ನಿನಲ್ಲಿ 1941ರಲ್ಲಿ ಕಂಡುಹಿಡಿದರೂ ಅದು ಮಾರುಕಟ್ಟೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1950ರ ದಶಕದಲ್ಲಿ. ಉಣ್ಣೆಯ ಸ್ವೆಟರಿನ ಮೇಲೆ ಸುತ್ತಿದ ಎಳೆಯಂತಿರುವ ವುಲ್‌ಮಾರ್ಕ್ ಚಿಹ್ನೆ ಇದ್ದರೆ ಅದು 1964ರ ನಂತರದ್ದು.

ಸೀರೆಗಳ ಕೆಲಸ ಇದಕ್ಕಿಂತ ಕಷ್ಟದ್ದು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಮಗ್ಗಗಳಿಂದ ನೇರವಾಗಿ ಬಂದ ಹಳೆಯ ಸೀರೆಯಲ್ಲಿ ಲೇಬಲ್ ಇರುವುದೇ ಅಪರೂಪ. ಇರುವ ಗುರುತುಗಳಲ್ಲಿ ಅಪ್ಪಟ ರೇಷ್ಮೆಯೆಂದು ಸಾರುವ ಸಿಲ್ಕ್ ಮಾರ್ಕ್ 2004ರಲ್ಲಿಯೂ, ಕೈಮಗ್ಗ ಗುರುತು 2006ರಲ್ಲಿಯೂ ಆರಂಭವಾದವು. ಮೈಸೂರು ರೇಷ್ಮೆ ಸೀರೆಯ ಚೀಟಿಯಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಹೆಸರಿದ್ದರೆ ಅದು 1980ಕ್ಕಿಂತ ಈಚಿನದು. ಕಾರ್ಖಾನೆ 1912ರಷ್ಟು ಹಳೆಯದಾದರೂ ನಿಗಮ ಸ್ಥಾಪನೆಯಾದದ್ದು ಆ ವರ್ಷ. ಇಷ್ಟಾದರೂ ಸೀರೆಯ ಡಬ್ಬಿಯನ್ನು ಮಾತ್ರ ಸಾಕ್ಷಿಯಾಗಿ ನಂಬಬೇಡಿ. ನಮ್ಮ ತಾಯಿಯವರು ಕಳೆದ ವರ್ಷ ಕೊಂಡ ಸೀರೆಯನ್ನು ತಮ್ಮ ಧಾರೆಸೀರೆಯ ಡಬ್ಬಿಯಲ್ಲಿಯೇ ಇಟ್ಟಿದ್ದಾರೆ.

ಅಂಗಡಿಯ ಚೀಟಿಯಲ್ಲಿ ಹದಿನೈದು ಅಕ್ಷರಾಂಕೆಗಳ ಜಿಎಸ್‌ಟಿ ಸಂಖ್ಯೆ ಇದ್ದರೆ ಅದು 2017ರ ಜುಲೈ ನಂತರದ ಮಾಲು. ‘ಅಪ್ಪಟ ಹಳೆಯ ಕಾಲದ್ದು’ ಎಂದು ಮಾರುವವರ ಬಟ್ಟೆಯಲ್ಲಿ ಮೊದಲು ಇದನ್ನೇ ನೋಡಿ.

ಪರೀಕ್ಷೆ ಮುಗಿಯುವವರೆಗೂ ಬಟ್ಟೆಯನ್ನು ಒಗೆಯಬೇಡಿ, ಏಕೆಂದರೆ ಗಿರಣಿಯ ಶಾಯಿ ಒಂದೇ ಒಗೆತಕ್ಕೆ ಅಳಿದುಹೋಗಬಹುದು. ಲೇಬಲ್ಲನ್ನು ಬಿಚ್ಚದೆ, ಅದರ ಸುತ್ತಲಿನ ಹೊಲಿಗೆಯೂ ಕಾಣುವಂತೆ ಹಗಲು ಬೆಳಕಿನಲ್ಲಿ ಚಿತ್ರ ತೆಗೆಯಿರಿ: ಹೊಲಿಗೆಯ ದಾರ ಉಡುಪಿನ ಬೇರೆಡೆಯ ದಾರಕ್ಕೆ ಹೊಂದದಿದ್ದರೆ ಆ ಲೇಬಲ್ ಬೇರೊಂದು ಬಟ್ಟೆಯಿಂದ ಬಂದಿರುವ ಸಾಧ್ಯತೆ ಇದೆ.